ನೀಲಿ ಬಾಗಿಲಿನ ಅಂಗಡಿಯಲ್ಲಿ ಕೇಳಿ

ನಮ್ಮ ಯಜಮಾನರ ಬಾಯಿಂದ "ಗೊತ್ತಿಲ್ಲ" ಎಂಬ ಮಾತು ಬಂದದ್ದನ್ನು ಮದುವೆಯಾದ ಹತ್ತೊಂಬತ್ತು ವರ್ಷಗಳಲ್ಲಿ ನಾನು ಒಮ್ಮೆಯೂ ಕೇಳಿರಲಿಲ್ಲ. ಇದನ್ನು ಹೊಗಳಿಕೆ ಎಂದು ತಿಳಿಯಬೇಡಿ. ಅವರಿಗೆ ಗೊತ್ತಿಲ್ಲದ ವಿಷಯಗಳು ಎಲ್ಲರಿಗಿರುವಷ್ಟೇ ಇದ್ದವು, ಒಂದು ಕೈ ಹೆಚ್ಚೇ ಇದ್ದವು. ಹೇಳುವ ಅಭ್ಯಾಸವಿರಲಿಲ್ಲ, ಅಷ್ಟೇ.

ತಪ್ಪು ಅವರದಲ್ಲ, ಕೆಲಸದ್ದು. ಇಪ್ಪತ್ತೆರಡು ವರ್ಷ ಅವರು ಬಸ್ ನಿಲ್ದಾಣದ ವಿಚಾರಣೆ ಕಿಟಕಿಯ ಹಿಂದೆ ಕೂತವರು. ಬಸ್ಸು ಎಷ್ಟು ಹೊತ್ತಿಗೆ ಬರುತ್ತದೆಂದು ಗೊತ್ತಿದ್ದರೆ ಹೇಳುತ್ತಿದ್ದರು. ಗೊತ್ತಿಲ್ಲದಿದ್ದರೆ, "ಏಳನೇ ಪ್ಲಾಟ್‌ಫಾರ್ಮಿನಲ್ಲಿ ಕೇಳಿ" ಎನ್ನುತ್ತಿದ್ದರು. ಏಳನೇ ಪ್ಲಾಟ್‌ಫಾರ್ಮಿನಲ್ಲಿ ಹೇಳುವವರು ಯಾರಿರುತ್ತಾರೆ ಎಂದು ನಾನೊಮ್ಮೆ ಕೇಳಿದೆ.

"ಯಾರೋ ಇರ್ತಾರೆ ಬಿಡೇ. ಸಾಲು ಮುಂದಕ್ಕೆ ಹೋಗಬೇಕಲ್ವಾ?" ಎಂದರು.

ಇಂಥ ಗಂಡನನ್ನೂ, ಎಪ್ಪತ್ತೊಂದು ವರ್ಷದ ಅತ್ತೆಯನ್ನೂ ಕರೆದುಕೊಂಡು ನಾನು ಪರದೇಶದ ಮಹಾನಗರವೊಂದರಲ್ಲಿ ಬಂದಿಳಿದೆ. ನನ್ನದು ಹಲ್ಲಿನ ಕೆಲಸ. ಕೀಳುವುದಲ್ಲ, ಮಾಡುವುದು. ಮೇಣದಲ್ಲಿ ಅಚ್ಚು ತೆಗೆದು, ಬಣ್ಣ ಕೂಡಿಸಿ, ಕಟ್ಟು ಹಲ್ಲಿನ ಸೆಟ್ಟು ತಯಾರಿಸುತ್ತೇನೆ. ಬೆಳಗಿನಿಂದ ಸಂಜೆಯವರೆಗೆ ಅಪರಿಚಿತರ ನಗು ನನ್ನ ಮೇಜಿನ ಮೇಲೆ ಸಾಲಾಗಿ ಕೂತಿರುತ್ತದೆ. ಆ ಊರಿನ ದೊಡ್ಡ ಲ್ಯಾಬೊಂದು ನನ್ನನ್ನು ಕರೆಸಿಕೊಂಡಿತ್ತು. ನಮ್ಮವರು ಕಿಟಕಿಯ ಕೆಲಸದಿಂದ ಸ್ವಯಂ ನಿವೃತ್ತಿ ಪಡೆದು, ಆರು ತಿಂಗಳು ಕೂತು ಅಲ್ಲಿಯ ಭಾಷೆಯನ್ನೂ ಕಲಿತು, ನನ್ನ ಹಿಂದೆ ಹೊರಟಿದ್ದರು. ಅತ್ತೆ ಯಾವ ಭಾಷೆಯನ್ನೂ ಕಲಿಯದೆ ಹೊರಟಿದ್ದರು.

ಲ್ಯಾಬಿನವರು ಒಂದು ತಿಂಗಳ ಮಟ್ಟಿಗೆ ಒಂದು ಕೋಣೆ ಕೊಟ್ಟರು. ಮೂವರೂ ಒಟ್ಟಿಗೆ ಎದ್ದು ನಿಂತರೆ ಒಬ್ಬರು ಕಿಟಕಿಯಿಂದ ತಲೆ ಹೊರಗೆ ಹಾಕಬೇಕು, ಅಂಥ ಕೋಣೆ. ತಿಂಗಳ ಕೊನೆಯ ಭಾನುವಾರ ಅದನ್ನು ಬಿಡಬೇಕು. ಅಷ್ಟರಲ್ಲಿ ಬಾಡಿಗೆ ಮನೆ ಸಿಕ್ಕರೆ ಮೂವರೂ ಒಟ್ಟಿಗೆ ಇರಬಹುದು. ಸಿಗದಿದ್ದರೆ ಲ್ಯಾಬಿನ ಹೆಂಗಸರ ವಸತಿಯಲ್ಲಿ ನನಗೊಂದು ಮಂಚ, ಅವರಿಬ್ಬರೂ ಊರಿಗೆ ವಾಪಸ್. ಹತ್ತೊಂಬತ್ತು ವರ್ಷ ಒಂದೇ ಸೂರಿನಡಿ ಜಗಳವಾಡಿದವರು ಸಮುದ್ರದ ಆಚೆ ಈಚೆ ಕೂತು ಫೋನಿನಲ್ಲಿ ಜಗಳವಾಡುವುದನ್ನು ನನಗೆ ಊಹಿಸಲೂ ಆಗುತ್ತಿರಲಿಲ್ಲ.

ಹಗಲೆಲ್ಲ ನಾನು ಹಲ್ಲಿನ ಮುಂದೆ ಕೂತಿರುತ್ತಿದ್ದೆ. ಹಾಗಾಗಿ ಮನೆ ಹುಡುಕುವ ಹೊಣೆ ನಮ್ಮವರದಾಯಿತು. ಮೊದಲ ವಾರ ಅವರು ದಿನವೂ ಶರ್ಟು ಇಸ್ತ್ರಿ ಮಾಡಿಕೊಂಡು ಹೊರಟರು. ಯಾರನ್ನೂ ಏನನ್ನೂ ಕೇಳದೆ ನಡೆದರು. ವಿಚಾರಣೆಯವರು ದಾರಿ ಕೇಳುವುದುಂಟೇ? ಸಂಜೆ ಯಾರಾದರೂ ಅವರನ್ನು ಕರೆತಂದು ಬಿಡುತ್ತಿದ್ದರು. ಸೋಮವಾರ ಒಬ್ಬ ಪೊಲೀಸ್, ಮಂಗಳವಾರ ಹೂವಿನ ವ್ಯಾನಿನವನು. ಬುಧವಾರ ಅಂಚೆಯವನು ಕರೆತಂದು, ಅತ್ತೆಯ ಹತ್ತಿರ ಸಹಿ ಹಾಕಿಸಿಕೊಂಡು ಹೋದ.

ವಾರದ ಕೊನೆಗೆ ಆ ಮಹಾನಗರದಲ್ಲಿ ಅವರಿಗೆ ಪೂರ್ತಿ ತಿಳಿದ ದಾರಿ ಒಂದೇ: ನೀಲಿ ಬಾಗಿಲಿನ ಒಗೆಯುವ ಅಂಗಡಿಗೆ ಹೋಗುವ ದಾರಿ. ಕೋಣೆಯಲ್ಲಿ ಬಟ್ಟೆ ಒಗೆಯಲು ಜಾಗವಿರಲಿಲ್ಲ. ಬೀದಿಯ ತಿರುವಿನಲ್ಲಿ ಸಾಲಾಗಿ ವಾಷಿಂಗ್ ಮೆಷಿನ್ ಇಟ್ಟ ಅಂಗಡಿಯೊಂದಿತ್ತು. ಅತ್ತೆ ದಿನವೂ ಬೆಳಿಗ್ಗೆ ಅಲ್ಲಿಗೆ ಹೋಗುತ್ತಿದ್ದರು, ಚೀಲವನ್ನು ಮಗ ಹೊತ್ತುಕೊಟ್ಟು ಬರುತ್ತಿದ್ದರು.

ನನ್ನ ಪಕ್ಕದ ಮೇಜಿನವಳೇ ಒಂದು ದಾರಿ ತೋರಿಸಿದಳು. ಮೇಲಿನ ದವಡೆ ಅವಳದು, ಕೆಳಗಿನದು ನನ್ನದು, ಹಾಗಾಗಿ ನಮ್ಮ ನಡುವೆ ಮಾತು ಚೆನ್ನಾಗಿ ಕೂಡುತ್ತಿತ್ತು. "ಬಡಾವಣೆಯ ಗ್ರಂಥಾಲಯದಲ್ಲಿ ಊರಿಗೆ ಹೊಸದಾಗಿ ಬಂದವರಿಗೆ ಅಂತಲೇ ಒಂದು ಮೇಜಿದೆ. ಮನೆ, ಡಾಕ್ಟರು, ಶಾಲೆ, ಏನು ಬೇಕಾದರೂ ಕೇಳಬಹುದು. ನಾನು ಬಂದಾಗ ನನಗೆಲ್ಲ ಸಿಕ್ಕಿದ್ದು ಅಲ್ಲೇ," ಎಂದಳು.

ಮರುದಿನ ಬೆಳಿಗ್ಗೆ ನಮ್ಮವರಿಗೆ ಹೇಳಿದೆ. "ರೀ, ಇವತ್ತು ಗ್ರಂಥಾಲಯಕ್ಕೆ ಹೋಗಿ. ಈ ಬೀದಿ ದಾಟಿದರೆ ಅದೇ. ಸಾಲಲ್ಲಿ ನಿಂತು, ಬಾಡಿಗೆ ಮನೆ ಬೇಕು ಅಂತ ಕೇಳಿ. ಅಷ್ಟೇ."

"ಕೇಳೋದಾ? ನಾನಾ?"

"ಮತ್ತೆ? ಮೇಜೇ ಎದ್ದು ಬಂದು ಹೇಳುತ್ತಾ?"

"ಇಪ್ಪತ್ತೆರಡು ವರ್ಷ ಕಿಟಕಿಯ ಒಳಗೆ ಕೂತವನು ಕಣೇ ನಾನು. ಹೊರಗೆ ನಿಂತು ಅಭ್ಯಾಸ ಇಲ್ಲ."

"ಹೊರಗೆ ನಿಲ್ಲೋಕೆ ಅಭ್ಯಾಸ ಯಾಕೋ ಬೇಕು? ಎರಡು ಕಾಲಿದ್ದರೆ ಸಾಕು. ಹೋಗು," ಎಂದರು ಅತ್ತೆ.

ಹೋದರು. ಅಲ್ಲಿ ನಡೆದದ್ದನ್ನು ನಾನು ಆಮೇಲೆ ಹತ್ತು ಜನರಿಂದ ಕೇಳಿ ತಿಳಿದೆ. ಹತ್ತೂ ಜನ ಒಂದೇ ರೀತಿ ಹೇಳಿದ್ದರಿಂದ ನಂಬಿದ್ದೇನೆ.

ಮೇಜಿತ್ತು, ಅದರ ಹಿಂದೆ ಕುರ್ಚಿಯಿತ್ತು, ಕುರ್ಚಿಯಲ್ಲಿ ಯಾರೂ ಇರಲಿಲ್ಲ. ಅಲ್ಲಿ ಕೂರುತ್ತಿದ್ದವರು ಏಣಿಯಿಂದ ಬಿದ್ದು ಕಾಲು ಮುರಿದುಕೊಂಡು ರಜೆಯಲ್ಲಿದ್ದರು. ಮೇಜಿನ ಮುಂದೆ ಹದಿನಾಲ್ಕು ಜನ ಗುಂಪುಗುಂಪಾಗಿ, ಸೊಟ್ಟಗೆ ನಿಂತಿದ್ದರು. ಸೊಟ್ಟ ಸಾಲನ್ನು ನೋಡಿ ಸುಮ್ಮನಿರುವುದು ನಮ್ಮವರಿಂದ ಆಗುವ ಮಾತಲ್ಲ. "ಒಬ್ಬರ ಹಿಂದೆ ಒಬ್ಬರು ನಿಲ್ಲಿ. ಗೋಡೆ ಕಡೆ ಸರೀರಿ. ಮಗು ಎತ್ತಿಕೊಂಡ ತಾಯಿ ಮುಂದೆ ಬನ್ನಿ," ಎಂದರು. ಜನ ಸರಿದು ನಿಂತರು. ಸಾಲು ನೂಲು ಹಿಡಿದ ಹಾಗಾಯಿತು. ಮಗು ಎತ್ತಿಕೊಂಡ ತಾಯಿ ಮುಂದೆ ಬಂದು, ಇವರ ಮುಖವನ್ನೇ ನೋಡುತ್ತ ನಿಂತಳು. ಖಾಲಿ ಕುರ್ಚಿ ಕರೆಯುತ್ತಿತ್ತು. ನಮ್ಮವರು ಕೂತುಬಿಟ್ಟರು.

"ಮಗುವಿಗೆ ಜ್ವರ. ಹತ್ತಿರದಲ್ಲಿ ಮಕ್ಕಳ ಡಾಕ್ಟರು ಎಲ್ಲಿದ್ದಾರೆ?"

ಗೊತ್ತಿಲ್ಲ ಎನ್ನುವುದು ಹೇಗೆ? ಗೊತ್ತಿದ್ದದ್ದು ಒಂದೇ ದಾರಿ. "ಹೊರಗೆ ಹೋಗಿ ಎಡಕ್ಕೆ ತಿರುಗಿ, ಎರಡನೇ ತಿರುವು. ನೀಲಿ ಬಾಗಿಲಿನ ಒಗೆಯುವ ಅಂಗಡಿ. ಅಲ್ಲಿ ಕೇಳಿ. ಮುಂದಿನವರು ಬನ್ನಿ!"

ಹದಿನಾಲ್ಕು ಜನ ಹದಿನಾಲ್ಕು ಕಷ್ಟ ಹೇಳಿಕೊಂಡರು. ಹದಿನಾಲ್ಕಕ್ಕೂ ನೀಲಿ ಬಾಗಿಲೇ ಉತ್ತರ. ಅರ್ಧ ಗಂಟೆಯಲ್ಲಿ ಸಾಲು ಕರಗಿತು. ಗ್ರಂಥಾಲಯದ ಮುಖ್ಯಸ್ಥೆ, ಬಿಳಿ ಕೂದಲಿನ ಸಾಧು ಹೆಂಗಸು, ಇಷ್ಟು ಚುರುಕಾದ ಮನುಷ್ಯನನ್ನು ಆ ಕುರ್ಚಿಯಲ್ಲಿ ಕಂಡಿರಲೇ ಇಲ್ಲ. ನಗರ ಕಚೇರಿಯವರು ಕಾಲು ಮುರಿದವರ ಬದಲಿಗೆ ಬೇರೆಯವರನ್ನು ಕಳಿಸಿದ್ದಾರೆ ಎಂದುಕೊಂಡು, ನೀರಿನ ಲೋಟವನ್ನೂ ಎದೆಗೆ ಸಿಕ್ಕಿಸುವ ಬಿಲ್ಲೆಯನ್ನೂ ತಂದುಕೊಟ್ಟರು. ನಗರ ಕಚೇರಿಗೆ ಫೋನು ಮಾಡಿ, "ನಿಮ್ಮ ಹೊಸಬರು ಬಹಳ ಚೆನ್ನಾಗಿದ್ದಾರೆ" ಎಂದೂ ಹೇಳಿದರು. ಕಚೇರಿಯವರು, ಗ್ರಂಥಾಲಯದವರೇ ಯಾರನ್ನೋ ಹುಡುಕಿಕೊಂಡಿದ್ದಾರೆ ಎಂದು ತಿಳಿದು, "ಸಂತೋಷ" ಎಂದರು. ಎರಡು ಕಚೇರಿಗಳು ಒಂದು ವಿಷಯದಲ್ಲಿ ಒಪ್ಪಿದ ಮೇಲೆ ಮೂರನೆಯವರು ಬಾಯಿ ಹಾಕುವುದು ಮರ್ಯಾದೆಯಲ್ಲ ಎಂದು ನಮ್ಮವರು ಸುಮ್ಮನಾದರು.

ಸಂಜೆ ನಾನು ಕೇಳಿದೆ, "ಹೋಗಿದ್ರಾ?"

"ಹೋಗಿದ್ದೆ."

"ಮನೆ ವಿಷಯ ಏನಾಯ್ತು?"

"ನಡೀತಾ ಇದೆ," ಎಂದು ಗೋಡೆಯ ಕಡೆ ನೋಡಿದರು. ಗೋಡೆ ನಮ್ಮಲ್ಲಿ ಬಹಳ ಹತ್ತಿರವಿದ್ದದ್ದರಿಂದ ನನಗೆ ಅನುಮಾನ ಬರಲಿಲ್ಲ.

ಅವರು ಮುಖ ತೊಳೆಯಲು ಹೊರಗೆ ಹೋದ ಮೇಲೆ ಅತ್ತೆ ತಮ್ಮ ಸುದ್ದಿ ತೆಗೆದರು. "ಇವತ್ತು ಅಂಗಡೀಲಿ ವಿಚಿತ್ರ ಕಣೇ. ಒಬ್ಬಳು ಮಗು ಎತ್ತಿಕೊಂಡು ಬಂದಳು. ಕೈಯಲ್ಲಿ ಒಂದು ಕರ್ಚೀಫೂ ಇಲ್ಲ ಒಗೆಯೋಕೆ. ಮಗೂ ಹಣೆ ಮುಟ್ಟಿ ಮುಟ್ಟಿ ತೋರಿಸ್ತಾಳೆ. ಹಿಂದಿನ ಬೀದೀಲಿ ಹಳದಿ ಗೇಟಿನ ಡಾಕ್ಟರಿದ್ದಾರಲ್ಲ, ಕೈಹಿಡಿದು ಕರಕೊಂಡು ಹೋಗಿ ಬಿಟ್ಟು ಬಂದೆ."

"ಅವರು ಮಕ್ಕಳ ಡಾಕ್ಟರು ಅಂತ ನಿಮಗೆ ಹೇಗೆ ತಿಳೀತು ಅತ್ತೆ? ಬೋರ್ಡು ಓದೋಕೆ ಬರಲ್ವಲ್ಲ?"

"ಬೋರ್ಡು ಯಾಕೆ ಓದಬೇಕು? ಒಳಗೆ ಹೋಗೋವೆಲ್ಲ ಅಳ್ತಾ ಹೋಗ್ತವೆ, ಹೊರಗೆ ಬರೋವು ಮಿಠಾಯಿ ಚೀಪ್ತಾ ಬರ್ತವೆ."

ಅತ್ತೆಯ ವಿದ್ಯೆಯೇ ಅದು. ಮೆಷಿನ್ನಿಗೆ ಬಟ್ಟೆ ಹಾಕಿದರೆ ತಿರುಗಿ ನಿಲ್ಲಲು ಮುಕ್ಕಾಲು ಗಂಟೆ. ಮುಕ್ಕಾಲು ಗಂಟೆ ಒಂದೇ ಕಡೆ ಕೂರುವುದು ಅವರ ಮೈಗೆ ಆಗುತ್ತಿರಲಿಲ್ಲ. ಸುತ್ತಲಿನ ಓಣಿಗಳನ್ನೆಲ್ಲ ಒಂದೊಂದಾಗಿ ಸುತ್ತಿ, ಯಾವ ಬಾಗಿಲಿಗೆ ಯಾರು ಯಾವ ಮುಖ ಹೊತ್ತು ಹೋಗುತ್ತಾರೆ, ಯಾವ ಮುಖ ಹೊತ್ತು ಬರುತ್ತಾರೆ ಎಂದು ನೋಡಿಕೊಂಡು ಬರುತ್ತಿದ್ದರು. ಹತ್ತು ದಿನದಲ್ಲಿ ಆ ಬಡಾವಣೆ ಅವರಿಗೆ ತಮ್ಮ ಕೈ ಗೆರೆಯ ಹಾಗೆ ತಿಳಿದಿತ್ತು.

ಮರುದಿನ ಬೆಳಿಗ್ಗೆ ಮಗುವಿನ ತಾಯಿ ಗ್ರಂಥಾಲಯಕ್ಕೆ ಬಂದು ನಮ್ಮವರ ಕೈ ಕುಲುಕಿದಳು. "ನೀವು ಹೇಳಿದ ಕಡೆ ಹೋದೆ. ಡಾಕ್ಟರು ಸಿಕ್ಕರು. ಜ್ವರ ಇಳೀತು."

ನಮ್ಮವರು ಒಳಗೊಳಗೇ ಬೆಚ್ಚಿದರು. ಒಗೆಯುವ ಅಂಗಡಿಯಲ್ಲಿ ಡಾಕ್ಟರೇ! ಆದರೆ ಮುಖದಲ್ಲಿ ತೋರಿಸಿಕೊಳ್ಳಲಿಲ್ಲ. "ಗೊತ್ತಿತ್ತು. ಮುಂದಿನವರು ಬನ್ನಿ," ಎಂದರು. ಇನ್ನೂ ಎಂಟು ಜನ ಹೀಗೆಯೇ ಬಂದು ಕೃತಜ್ಞತೆ ಹೇಳಿದ ಮೇಲೆ, ಪರದೇಶದಲ್ಲಿ ಒಗೆಯುವ ಅಂಗಡಿಗಳಲ್ಲಿ ಎಲ್ಲ ಏರ್ಪಾಡೂ ಇರುತ್ತದೆಂದು ಅವರಿಗೆ ಖಾತ್ರಿಯಾಯಿತು. ಮುಂದುವರಿದ ದೇಶ, ಇದ್ದರೂ ಇರಬಹುದು!

ಅಲ್ಲಿಂದ ಮುಂದೆ ದಿನವೂ ಇದೇ ಆಯಿತು. ಬೆಳಿಗ್ಗೆ ಮಗ ಕಳಿಸುವುದು, ಮಧ್ಯಾಹ್ನ ತಾಯಿ ಸುಧಾರಿಸುವುದು. ಕಳಿಸುವವರು ಯಾರೆಂದು ತಾಯಿಗೆ ತಿಳಿಯದು, ಸುಧಾರಿಸುವವರು ಯಾರೆಂದು ಮಗನಿಗೆ ತಿಳಿಯದು. ಚೀಲ ಇಳಿಸಿಕೊಟ್ಟ ಕೂಡಲೇ ಅವರು ಗ್ರಂಥಾಲಯಕ್ಕೆ ಓಡುತ್ತಿದ್ದರಿಂದ, ಆಮೇಲೆ ಅಂಗಡಿಯಲ್ಲಿ ಏನಾಗುತ್ತದೆಂದು ನೋಡಿದವರೇ ಅಲ್ಲ.

ಸೊಂಟ ಹಿಡಿದು ಬಿಲ್ಲಿನಂತೆ ಬಗ್ಗಿದ ಬಡಗಿಯೊಬ್ಬ ಬಂದ. ಅತ್ತೆ ಡ್ರೈಯರಿನಿಂದ ಆಗ ತಾನೇ ತೆಗೆದ ಬಿಸಿ ಬಿಸಿ ಹೊದಿಕೆಯನ್ನು ಅವನ ಸೊಂಟಕ್ಕೆ ಸುತ್ತಿ ಅರ್ಧ ಗಂಟೆ ಕೂರಿಸಿ, ನೆಟ್ಟಗಾದ ಮೇಲೆ ಮೂಳೆ ಡಾಕ್ಟರ ಬಾಗಿಲು ತೋರಿಸಿದರು. ಹೊದಿಕೆ ಬೇರೆಯವರದು. ಚದುರಂಗ ಆಡಲು ಜೊತೆ ಬೇಕೆಂದು ಒಬ್ಬ ಮುದುಕ ಬಂದ. ಆಟದ ಹಲಗೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದಿದ್ದರಿಂದ ವಿಷಯ ತಿಳಿಯಲು ಅತ್ತೆಗೆ ಕಷ್ಟವಾಗಲಿಲ್ಲ. ಕಾಲುಚೀಲ ಒಣಗುವುದನ್ನೇ ನೋಡುತ್ತ ಕೂತಿದ್ದ ಇನ್ನೊಬ್ಬ ಮುದುಕನನ್ನು ಎಳೆದು ಎದುರಿಗೆ ಕೂರಿಸಿದರು. ಅಂಗಡಿಯ ಬೆಂಚುಗಳನ್ನು ಅವರೇ ಭಾಗ ಮಾಡಿದರು: ಬಾಗಿಲ ಹತ್ತಿರದ್ದು ನೋವಿನವರಿಗೆ, ನಡುವಿನದು ಕೆಲಸ ಹುಡುಕುವವರಿಗೆ, ಗೋಡೆ ಬದಿಯದು ಮನೆ ಬೇಕಾದವರಿಗೂ ಮನೆ ಕೊಡುವವರಿಗೂ. ಭಾಷೆ ಬಾರದಿದ್ದರೂ ಕೈಸನ್ನೆ ಸಾಕಾಗುತ್ತಿತ್ತು: ಮೈ ಮುಟ್ಟಿ ತೋರಿಸಿದರೆ ನೋವು, ಎರಡೂ ಕೈ ಸೂರಿನಂತೆ ಜೋಡಿಸಿ ತೋರಿಸಿದರೆ ಮನೆ. ಮೆಷಿನ್ ತಿರುಗುವ ಮುಕ್ಕಾಲು ಗಂಟೆಯಲ್ಲಿ ಬೆಂಚಿನವರು ತಾವೇ ಮಾತಿಗೆ ಬಿದ್ದು, ಅರ್ಧ ಕಷ್ಟ ಅಲ್ಲಿಯೇ ತೀರುತ್ತಿತ್ತು.

ಇದೆಲ್ಲ ನನಗೆ ಕಂಡದ್ದು ಮೂರನೇ ವಾರದ ಬುಧವಾರ, ನನ್ನ ರಜೆಯ ದಿನ. ಕೋಣೆ ಬಿಡಲು ಹನ್ನೊಂದು ದಿನ ಉಳಿದಿತ್ತು. ಅತ್ತೆಗೆ ಚಹಾ ತೆಗೆದುಕೊಂಡು ಅಂಗಡಿಗೆ ಹೋದರೆ ಒಳಗೆ ಕಾಲಿಡಲು ಜಾಗವಿಲ್ಲ. ಅಂಗಡಿಯ ಒಡತಿ, ಸೊಂಟದಲ್ಲಿ ಕೀಲಿಕೈ ಗೊಂಚಲು ತೂಗುಹಾಕಿಕೊಂಡ ಆಳೆತ್ತರದ ಹೆಂಗಸು, ಬಾಗಿಲಲ್ಲೇ ನನ್ನನ್ನು ತಡೆದಳು.

"ಈ ಅಮ್ಮ ನಿಮ್ಮವರಾ?"

"ನನ್ನ ಅತ್ತೆ."

"ನೋಡಿ ಒಳಗೆ! ನಲವತ್ತು ಜನ. ಒಗೆಯೋರು ಆರು ಜನ! ಒಬ್ಬ ಬಂದು ನನ್ನನ್ನೇ ಕೇಳ್ತಾನೆ, ಇಲ್ಲಿ ಹಾಡು ಕಲಿಸೋರು ಯಾವ ಮೆಷಿನ್ ಹತ್ತಿರ ಇದ್ದಾರೆ ಅಂತ!"

"ಇವರನ್ನೆಲ್ಲ ಯಾರು ಕಳಿಸ್ತಿದ್ದಾರೆ?"

"ಗ್ರಂಥಾಲಯದ ಹೊಸ ಅಧಿಕಾರಿಯಂತೆ. ಆ ಮಹಾರಾಯ ನನ್ನ ಕೈಗೆ ಸಿಗಲಿ," ಎಂದು ಕೀಲಿಕೈ ಗೊಂಚಲನ್ನು ಝಳಪಿಸಿದಳು.

ಅಂಥ ಅಧಿಕಾರಿಯನ್ನು ನಾನೂ ಒಮ್ಮೆ ನೋಡೋಣ, ನಮ್ಮ ಮನೆಯ ವಿಷಯ ಎಲ್ಲಿಗೆ ಬಂತೆಂದೂ ವಿಚಾರಿಸೋಣ ಎಂದು ಗ್ರಂಥಾಲಯಕ್ಕೆ ನಡೆದೆ. ಒಳಗೆ ಸಾಲು ಬಾಗಿಲವರೆಗೆ ಬಂದಿತ್ತು. ಅಷ್ಟು ನೆಟ್ಟಗಿನ ಸಾಲನ್ನು ನಾನು ಜೀವನದಲ್ಲಿ ಒಂದೇ ಕಡೆ ಕಂಡಿದ್ದೆ, ನಮ್ಮೂರ ಬಸ್ ನಿಲ್ದಾಣದಲ್ಲಿ.

ಕೂಗಾಡಲಿಲ್ಲ. ಸಾಲಿನಲ್ಲೇ ನಿಂತೆ. ಇಪ್ಪತ್ತು ನಿಮಿಷಕ್ಕೆ ನನ್ನ ಸರದಿ ಬಂತು. ನಮ್ಮವರು ತಲೆ ತಗ್ಗಿಸಿ ಏನೋ ಬರೆಯುತ್ತಿದ್ದರು. ಎದೆಯ ಮೇಲೆ ಬಿಲ್ಲೆ ಹೊಳೆಯುತ್ತಿತ್ತು.

"ಮುಂದಿನವರು. ಹೇಳಿ."

"ಮೂರು ಜನಕ್ಕೆ ಒಂದು ಬಾಡಿಗೆ ಮನೆ ಬೇಕಾಗಿತ್ತು," ಎಂದೆ ಆ ಊರಿನ ಭಾಷೆಯಲ್ಲಿ.

"ಹೊರಗೆ ಹೋಗಿ ಎಡಕ್ಕೆ ತಿರುಗಿ, ಎರಡನೇ ತಿರುವು. ನೀಲಿ ಬಾಗಿಲ..." ಎಂದು ತಲೆಯೆತ್ತಿದರು. ಬಾಯಿ ತೆರೆದಂತೆಯೇ ನಿಂತಿತು. ಕೆಳಗಿನ ದವಡೆಯ ಅಳತೆ ತೆಗೆಯಲು ಅದಕ್ಕಿಂತ ಒಳ್ಳೆಯ ಸಮಯ ಸಿಗುತ್ತಿರಲಿಲ್ಲ.

"ಏನ್ರೀ ಇದು?" ಎಂದೆ, ನಮ್ಮ ಭಾಷೆಯಲ್ಲಿ.

"ಹಿಂದೆ ಜನ ಕಾಯ್ತಿದ್ದಾರೆ. ಮನೇಲಿ ಮಾತಾಡೋಣ."

"ಯಾವ ಮನೇಲಿ?"

"ಮುಂದಿನವರು ಬನ್ನಿ!" ಎಂದರು, ನನ್ನ ತಲೆಯ ಮೇಲಿಂದ ನೋಡುತ್ತ.

ಸಂಜೆ ದಾರಿಯಲ್ಲಿ ಎಲ್ಲ ಒಪ್ಪಿಕೊಂಡರು. "ಮೊದಲನೇ ದಿನವೇ ಕೇಳಬೇಕು ಅಂತಲೇ ಹೋಗಿದ್ದೆ ಕಣೇ. ಸಾಲು ಸೊಟ್ಟಗಿತ್ತು. ಆಮೇಲೆ ಬಿಲ್ಲೆ ಕೊಟ್ಟರು. ಬಿಲ್ಲೆ ಹಾಕಿಕೊಂಡೋನು ಕೆಳಗಿಳಿದು ಅದೇ ಸಾಲಲ್ಲಿ ನಿಂತು, ಸ್ವಾಮಿ ನನಗೊಂದು ಮನೆ ತೋರಿಸಿ ಅಂದರೆ ಜನ ಏನಂದುಕೊಳ್ತಾರೆ?"

"ಬಾಡಿಗೆಗೆ ಮನೆ ಕೊಡೋರು ಯಾರೂ ನಿಮ್ಮ ಸಾಲಿಗೆ ಬರಲೇ ಇಲ್ವಾ?"

"ಬಂದಿದ್ದರು. ಮೂರು ಜನ. ಒಳ್ಳೇ ಬಾಡಿಗೆದಾರರು ಎಲ್ಲಿ ಸಿಗ್ತಾರೆ ಅಂತ ಕೇಳಿದರು."

"ನೀವೇನಂದ್ರಿ?"

ನಮ್ಮವರು ಬಲಗೈಯನ್ನು ಎಡಕ್ಕೆ ಎತ್ತಿ ತೋರಿಸಿದರು. ಹೇಳುವುದೇ ಬೇಕಾಗಿರಲಿಲ್ಲ.

ಕೋಣೆಗೆ ಬಂದರೆ ಅತ್ತೆ ಗೆದ್ದ ಮುಖ ಮಾಡಿಕೊಂಡು ಕೂತಿದ್ದರು. "ಇವತ್ತು ಮೂರನೇ ಮನೆ ಕೂಡಿಸಿಕೊಟ್ಟೆ ಕಣೇ! ಮೂಲೆಯ ಹಸಿರು ಮನೆ. ಎರಡು ಕೋಣೆ, ಅಡುಗೆಮನೇಲಿ ಬೆಳಕು. ಗಂಡ ಹೆಂಡತಿ, ಒಂದು ಕೂಸು. ಪಾಪ, ಎಷ್ಟು ಖುಷಿಪಟ್ಟರು!"

"ಅತ್ತೆ, ಆ ಮನೆ ನಮಗೆ..."

"ನಮಗ್ಯಾಕೆ? ನನ್ನ ಮಗ ಮೂರು ವಾರದಿಂದ ಕಾಲು ಸವೆಸ್ತಾ ಇದ್ದಾನಲ್ಲ, ಇದಕ್ಕಿಂತ ಚೆಂದದ್ದೇ ನೋಡಿಟ್ಟಿರ್ತಾನೆ. ಅವನ ಕೆಲಸದಲ್ಲಿ ನಾನು ಕೈ ಹಾಕಬಾರದು," ಎಂದು ಮಗನ ಬೆನ್ನು ಸವರಿದರು.

ಮಗ ಕಿಟಕಿಯಿಂದ ತಲೆ ಹೊರಗೆ ಹಾಕಿದರು.

ತಾಯಿಗೂ ಮಗನಿಗೂ ಪೂರ್ತಿ ನಿಜ ಹೇಳಿಬಿಡಬೇಕಿತ್ತು. ಆದರೆ ಎಪ್ಪತ್ತೊಂದು ವರ್ಷದ ತಾಯಿಯ ಮುಖದ ಮೇಲಿನ ಆ ಹೆಮ್ಮೆಯನ್ನು ಒರೆಸಲು ನನಗೆ ಮನಸ್ಸು ಬರಲಿಲ್ಲ. ನಾನೇ ಲ್ಯಾಬಿನಿಂದ ಊಟದ ಬಿಡುವಿನಲ್ಲಿ ಮನೆಗಳಿಗೆ ಫೋನು ಮಾಡತೊಡಗಿದೆ. ಎಲ್ಲ ಕಡೆಯೂ ಒಂದೇ ಉತ್ತರ: "ಅಯ್ಯೋ, ನಿನ್ನೆಯಷ್ಟೇ ಹೋಯ್ತು. ಒಗೆಯುವ ಅಂಗಡಿಯಲ್ಲಿ ಒಬ್ಬ ಅಜ್ಜಿ ಬಾಡಿಗೆದಾರರನ್ನು ಹುಡುಕಿಕೊಟ್ಟರು."

ಒಂದು ವಾರ ಹೀಗೆ ಕಳೆಯಿತು. ಕೊನೆಯ ವಾರದಲ್ಲಿ ನಗರ ಕಚೇರಿಯಿಂದ ಪತ್ರ ಬಂತು. ಊರಿನ ಎಲ್ಲ ಗ್ರಂಥಾಲಯಗಳ ಹೊಸಬರ ಮೇಜುಗಳ ಪೈಕಿ ಈ ಮೇಜಿಗೆ ಬಂದಷ್ಟು ಮೆಚ್ಚುಗೆಯ ಪತ್ರಗಳು ಬೇರೆ ಯಾವುದಕ್ಕೂ ಬಂದಿಲ್ಲ, ಆದ್ದರಿಂದ ಶುಕ್ರವಾರ ಬೆಳಿಗ್ಗೆ ಮೇಲಧಿಕಾರಿಯೇ ಬಂದು ಸನ್ಮಾನ ಮಾಡುತ್ತಾರೆ ಎಂದು. ಶುಕ್ರವಾರ ಸನ್ಮಾನ, ಭಾನುವಾರ ಬೀದಿ. ನಮ್ಮವರು ಪತ್ರ ಹಿಡಿದುಕೊಂಡು ಅತ್ತರೋ ನಕ್ಕರೋ ನನಗೆ ಸರಿಯಾಗಿ ಕಾಣಲಿಲ್ಲ.

ಶುಕ್ರವಾರ ನಾನು ಅರ್ಧ ದಿನ ರಜೆ ಹಾಕಿ ಹೋದೆ. ಗ್ರಂಥಾಲಯ ತುಂಬಿತ್ತು. ಸಾಲಿನಲ್ಲಿ ನಿಂತಿದ್ದವರೆಲ್ಲ ಬಂದಿದ್ದರು. ಮಗುವಿನ ತಾಯಿ, ನೆಟ್ಟಗಾದ ಬಡಗಿ, ಚದುರಂಗದ ಇಬ್ಬರು ಮುದುಕರು, ಎಲ್ಲರೂ. ಮೇಲಧಿಕಾರಿ ಕುಳ್ಳಗಿನ, ಗಟ್ಟಿ ದನಿಯ ಹೆಂಗಸು. ಹೂಗುಚ್ಛವನ್ನು ನಮ್ಮವರ ಕೈಗಿಟ್ಟು ಭಾಷಣ ಶುರು ಮಾಡಿದರು.

"ಇಂಥವರನ್ನು ಕಂಡುಹಿಡಿದದ್ದಕ್ಕೆ ಗ್ರಂಥಾಲಯಕ್ಕೆ ಅಭಿನಂದನೆ!"

"ನಾವಲ್ಲ, ಕಳಿಸಿದ್ದು ನೀವು," ಎಂದರು ಗ್ರಂಥಾಲಯದ ಮುಖ್ಯಸ್ಥೆ, ವಿನಯದಿಂದ.

"ನಾವು ಯಾರನ್ನೂ ಕಳಿಸಿಲ್ಲವಲ್ಲ?"

"ಹಾಗಾದರೆ..."

ಇಬ್ಬರೂ ಒಟ್ಟಿಗೆ ನಮ್ಮವರ ಕಡೆ ತಿರುಗಿದರು. ನಮ್ಮವರು ಹೂಗುಚ್ಛವನ್ನು ಮುಖದ ಎತ್ತರಕ್ಕೆ ಏರಿಸಿಕೊಂಡರು.

ಅದೇ ಹೊತ್ತಿಗೆ ಬಾಗಿಲು ದಢಾರೆಂದು ತೆರೆಯಿತು. ಕೀಲಿಕೈ ಗೊಂಚಲಿನ ಸದ್ದು. ಅಂಗಡಿಯ ಒಡತಿ ಒಂದು ಕೈಯಲ್ಲಿ ದೂರಿನ ಅರ್ಜಿಯನ್ನೂ ಇನ್ನೊಂದು ಕೈಯಲ್ಲಿ ಸಾಕ್ಷಿಗೆಂದು ನಮ್ಮ ಅತ್ತೆಯನ್ನೂ ಹಿಡಿದುಕೊಂಡು ನುಗ್ಗಿದಳು. "ಎಲ್ಲಿ ಆ ಅಧಿಕಾರಿ? ಊರಿನ ಕಷ್ಟವನ್ನೆಲ್ಲ ನನ್ನ ಅಂಗಡಿಗೆ ಕಳಿಸೋನು ಯಾರು?"

ಹೂವಿನ ಸಂದಿನಿಂದ ನಮ್ಮವರು ಇಣುಕಿದರು. ಅತ್ತೆ ಕಣ್ಣು ಕಿರಿದು ಮಾಡಿ ನೋಡಿದರು.

"ಅಯ್ಯೋ! ನೀನೇನೋ? ಹೂವು ಹಿಡಿದುಕೊಂಡು ಇಲ್ಲೇನು ಮಾಡ್ತಿದ್ದೀಯ?"

"ಅಮ್ಮಾ, ನೀನ್ಯಾಕೆ ಬಂದೆ?"

ಇವರ ಮಾತು ಯಾರಿಗೂ ತಿಳಿಯಲಿಲ್ಲ, ಆದರೆ ಅತ್ತೆಯನ್ನು ಕಂಡದ್ದೇ ಸಭೆಗೆ ಸಭೆಯೇ ಎದ್ದು ನಿಂತು ಚಪ್ಪಾಳೆ ತಟ್ಟಿತು. ಬಡಗಿ ಶಿಳ್ಳೆ ಹಾಕಿದ. "ಇವರೇ! ನೀಲಿ ಬಾಗಿಲಿನ ಅಮ್ಮ ಇವರೇ!" ಮಗುವಿನ ತಾಯಿ ಓಡಿ ಬಂದು ಅತ್ತೆಯನ್ನು ತಬ್ಬಿಕೊಂಡಳು. ಮೇಲಧಿಕಾರಿ ಕೇಳಿದಂತೆ ಜನ ಒಬ್ಬೊಬ್ಬರಾಗಿ ಹೇಳಿದರು. ದಾರಿ ತೋರಿಸಿದ್ದು ಇವರು, ಕೈಹಿಡಿದು ಕರೆದುಕೊಂಡು ಹೋದದ್ದು ಅವರು.

ನಮ್ಮವರು ಹೂಗುಚ್ಛ ಕೆಳಗಿಳಿಸಿದರು. "ಅಂದರೆ, ಮನೆ ಕೇಳಿದವರಿಗಷ್ಟೇ ಅಲ್ಲ, ಎಲ್ಲರಿಗೂ ಏಳನೇ ಪ್ಲಾಟ್‌ಫಾರ್ಮಿನಲ್ಲಿ ಇದ್ದದ್ದು ನಮ್ಮಮ್ಮನಾ?" ಎಂದರು ಮೆಲ್ಲಗೆ, ತಮಗೆ ತಾವೇ.

ಮೇಲಧಿಕಾರಿ ಪೆನ್ನು ತೆಗೆದರು. "ಇರಲಿ. ತಪ್ಪೋ ಸರಿಯೋ ಆಮೇಲೆ ನೋಡೋಣ. ದಾಖಲೆಗೆ ಬೇಕು. ನೀವು ಎಲ್ಲಿ ವಾಸ?"

"ಈ ಬೀದಿಯ ಕೊನೆಯ ಕಟ್ಟಡ. ಭಾನುವಾರದವರೆಗೆ."

"ಆಮೇಲೆ?"

ನಾನು ಅವರ ಬಲಗೈಯನ್ನೇ ನೋಡುತ್ತಿದ್ದೆ. ಅದು ಅಭ್ಯಾಸದಿಂದ ಎಡಕ್ಕೆ, ಎರಡನೇ ತಿರುವಿನ ಕಡೆಗೆ ಎದ್ದಿತು. ಅರ್ಧದಲ್ಲಿ ನಿಂತಿತು. ಕೆಳಗಿಳಿಯಿತು.

"ಗೊತ್ತಿಲ್ಲ," ಎಂದರು ನಮ್ಮವರು.

ಹೇಳಿದ್ದಷ್ಟೇ ಅಲ್ಲ, ಬಿಲ್ಲೆ ಬಿಚ್ಚಿ ಮೇಜಿನ ಮೇಲಿಟ್ಟರು. ಮೇಜನ್ನು ಸುತ್ತಿ ಬಂದು, ಕೇಳುವವರು ನಿಲ್ಲುವ ಜಾಗದಲ್ಲಿ ಎರಡೂ ಕಾಲು ಜೋಡಿಸಿ ನಿಂತರು. "ನಾವು ಮೂರು ಜನ. ಬಾಡಿಗೆಗೊಂದು ಮನೆ ಬೇಕು. ಎಲ್ಲಿ ಸಿಗುತ್ತೆ ಅಂತ ನನಗೆ ಗೊತ್ತಿಲ್ಲ. ಸಿಗದಿದ್ದರೆ ಭಾನುವಾರ ನಾನೂ ನಮ್ಮಮ್ಮನೂ ಊರಿಗೆ ಹೋಗಬೇಕು, ನನ್ನ ಹೆಂಡತಿ ಇಲ್ಲಿ ಒಬ್ಬಳೇ ಆಗ್ತಾಳೆ." ನಾನು ಅದನ್ನು ಅತ್ತೆಗೆ ಮೆಲ್ಲಗೆ ನಮ್ಮ ಭಾಷೆಯಲ್ಲಿ ಹೇಳಿದೆ.

"ಏನು! ಇನ್ನೂ ಮನೆ ನೋಡೇ ಇಲ್ವೇನೋ?" ಅತ್ತೆ ಕೈಯಲ್ಲಿದ್ದ ಬಟ್ಟೆ ಚೀಲದಿಂದ ಮಗನ ಬೆನ್ನಿಗೆ ಒಂದು ಬಿಟ್ಟರು. "ಕಂಡೋರಿಗೆಲ್ಲ ಮನೆ ಹಂಚಿಬಿಟ್ಟೆನಲ್ಲೋ ನಾನು! ಹೆತ್ತ ಅಮ್ಮನ್ನ ಒಂದು ಮಾತು ಕೇಳೋಕೆ ನಿನಗೇನು ಬಾಯಿ ಬಿದ್ದುಹೋಗಿತ್ತಾ?"

"ಹೇಗೆ ಕೇಳೋದು ಅಂತಲೇ ನನಗೆ ಗೊತ್ತಿರಲಿಲ್ಲಮ್ಮಾ!"

"ನೋಡು, ಈಗ ಸಲೀಸಾಗಿ ಬರುತ್ತೆ ಆ ಮಾತು!"

ಒಡತಿ ನನ್ನ ಭುಜ ಹಿಡಿದು ಅಲುಗಾಡಿಸಿದಳು. "ನಿಮ್ಮ ಗಂಡ ಈಗ ಏನಂದರು? ಊರಿಗೆ ಹೋಗೋದು ಯಾರು? ಈ ಅಮ್ಮನಾ?"

"ಹೌದು. ಭಾನುವಾರ."

ಅವಳ ಮುಖದ ಬಣ್ಣ ಬದಲಾಯಿತು. ಒಗೆಯದವರು ಮೂವತ್ತನಾಲ್ಕು ಜನ ಎಂದು ಅವಳು ದೂರಿದ್ದು ನಿಜ. ಆದರೆ ಆಮೇಲಿನ ದಿನಗಳಲ್ಲಿ ಬರಿಗೈಯಲ್ಲಿ ಬರಲು ನಾಚಿಕೊಂಡು ಜನ ಒಗೆದ ಬಟ್ಟೆಯನ್ನೇ ಮತ್ತೆ ಒಗೆಯಲು ತರುತ್ತಿದ್ದರು. ಬೆಳಿಗ್ಗೆ ಬಾಗಿಲು ತೆರೆಯುವ ಮೊದಲೇ ಮೆಟ್ಟಿಲ ಮೇಲೆ ಕೂತಿರುತ್ತಿದ್ದ ಮುದುಕಿಯನ್ನು ನೋಡದೆ ಒಡತಿಗೂ ದಿನ ಶುರುವಾಗುತ್ತಿರಲಿಲ್ಲ ಎಂದು ಕಾಣುತ್ತದೆ. ದೂರಿನ ಅರ್ಜಿಯನ್ನು ಮುದುಡಿ ಜೇಬಿಗೆ ತುರುಕಿದಳು.

"ಯಾರೂ ಎಲ್ಲಿಗೂ ಹೋಗೋ ಹಾಗಿಲ್ಲ! ನನ್ನ ಅಂಗಡಿ ಮೇಲೆ ಎರಡು ಕೋಣೆ, ಒಂದು ಅಡುಗೆಮನೆ ಇದೆ. ಕೆಟ್ಟ ಮೆಷಿನ್ ತುಂಬಿಟ್ಟಿದ್ದೀನಿ. ಅದನ್ನ ಇಳಿಸೋರು ಸಿಕ್ಕರೆ..."

"ನಾನಿದ್ದೀನಿ!" ಎಂದ ಬಡಗಿ.

"ನಾವೂ!" ಎಂದರು ಚದುರಂಗದ ಮುದುಕರು. ಅವರನ್ನು ಎಲ್ಲರೂ ಸೇರಿ ಕೂರಿಸಿದರು.

ಕೈ ಎತ್ತಿದವರು ಇಪ್ಪತ್ತಾರು ಜನ. ಎಲ್ಲರೂ ಒಟ್ಟಿಗೆ ಒಡತಿಯ ಸುತ್ತ ಮುತ್ತಿದರು. ನಮ್ಮವರಿಗೆ ತಡೆಯಲಾಗಲಿಲ್ಲ. "ಒಬ್ಬರ ಹಿಂದೆ ಒಬ್ಬರು ನಿಲ್ಲಿ. ಗೋಡೆ ಕಡೆ ಸರೀರಿ," ಎಂದರು.

ಅತ್ತೆ ಮಾತ್ರ ಅಷ್ಟು ಸುಲಭಕ್ಕೆ ಒಪ್ಪಲಿಲ್ಲ. "ಬೀದಿ ಕಡೆ ಕಿಟಕಿ ಇದೆಯಾ ಕೇಳು," ಎಂದು ನನ್ನನ್ನು ತಿವಿದರು. ಎರಡು ಕಿಟಕಿ ಇವೆ ಎಂದು ಒಡತಿ ಬೆರಳೆತ್ತಿ ತೋರಿಸಿದಳು. "ಹಾಗಾದರೆ ಸರಿ," ಎಂದು ಚೀಲವನ್ನು ಒಡತಿಯ ಕೈಗೇ ಕೊಟ್ಟರು.

ಮೇಲಧಿಕಾರಿ ನಿಯಮಗಳ ಪುಸ್ತಕ ತೆಗೆದು ತಿರುವಿದರು. ಅನುಮತಿಯಿಲ್ಲದೆ ಸರ್ಕಾರಿ ಕುರ್ಚಿಯಲ್ಲಿ ಕೂತದ್ದಕ್ಕೆ ಯಾವ ಶಿಕ್ಷೆ ಎಂದು ಅವರ ಪುಸ್ತಕದಲ್ಲಿ ಇರಲಿಲ್ಲವಂತೆ, ಏಕೆಂದರೆ ಅದುವರೆಗೆ ಯಾರೂ ಆಸೆಪಟ್ಟು ಅಲ್ಲಿ ಕೂತಿರಲಿಲ್ಲ. ಕೊನೆಗೆ, ವಾರದಲ್ಲಿ ಎರಡು ಬೆಳಿಗ್ಗೆ ಆ ಮೇಜನ್ನು ನೀಲಿ ಬಾಗಿಲಿನ ಅಂಗಡಿಗೇ ಸಾಗಿಸಬೇಕೆಂದು ಅಪ್ಪಣೆ ಬರೆದರು. ಅತ್ತೆ ದಾರಿ ತೋರಿಸುವುದು, ನಮ್ಮವರು ಭಾಷೆ ತಿರುಗಿಸಿ ಹೇಳುವುದು, ಸಾಲನ್ನು ನೆಟ್ಟಗಿಡುವುದು. ತಮಗೆ ಗೊತ್ತಿಲ್ಲದ್ದನ್ನು ತಾವಾಗಿ ಹೇಳಕೂಡದು ಎಂದು ಕೆಳಗೆ ಗೆರೆ ಎಳೆದು ಬರೆದಿದ್ದರು.

ಶನಿವಾರ ಕೆಟ್ಟ ಮೆಷಿನ್‌ಗಳು ಇಳಿದವು. ಬಡಗಿ ಬಾಗಿಲಿಗೆ ಚಿಲಕ ಹಾಕಿದ. ಭಾನುವಾರ ನಾವು ಕೋಣೆ ಬಿಟ್ಟೆವು. ನಮ್ಮ ಸಾಮಾನು ಎರಡು ಪೆಟ್ಟಿಗೆಗಿಂತ ಹೆಚ್ಚಿರಲಿಲ್ಲ. ಆದರೆ ಜನ ಸುಮ್ಮನಿರಬೇಕಲ್ಲ? ಗ್ರಂಥಾಲಯದ ಮುಖ್ಯಸ್ಥೆ ದೊಡ್ಡ ಹಾಸಿಗೆಯೊಂದನ್ನು ಕೊಟ್ಟರು, ಯಾರೋ ನಾಲ್ಕು ಕುರ್ಚಿ, ಯಾರೋ ಬಕೆಟ್ಟು, ಯಾರೋ ಗೋಡೆ ಗಡಿಯಾರ. ಹಾಸಿಗೆಯ ಮುಂದಿನ ತುದಿ ನಮ್ಮವರ ತಲೆಯ ಮೇಲೆ, ಹಿಂದಿನ ತುದಿ ಬಡಗಿಯ ತಲೆಯ ಮೇಲೆ. ಅವರ ಹಿಂದೆ ಕುರ್ಚಿಯವರು, ಬಕೆಟ್ಟಿನವರು, ಗಡಿಯಾರ ಹಿಡಿದ ಮಗುವಿನ ತಾಯಿ, ನಾನು. ಎಲ್ಲರಿಗಿಂತ ಮುಂದೆ ಅತ್ತೆ, ಕೈಬೀಸಿಕೊಂಡು.

ಇನ್ನೇನು ನೀಲಿ ಬಾಗಿಲು ಇಪ್ಪತ್ತು ಹೆಜ್ಜೆ ಇರಬೇಕು, ಎದುರಿನಿಂದ ಇಬ್ಬರು ವಯಸ್ಸಾದ ಗಂಡ ಹೆಂಡತಿ ಸೂಟ್‌ಕೇಸು ಎಳೆದುಕೊಂಡು ಬಂದರು. ಊರಿಗೆ ಹೊಸಬರೆಂದು ನೋಡಿದರೇ ತಿಳಿಯುತ್ತಿತ್ತು. ಅಷ್ಟು ಜನರಲ್ಲಿ ಅವರು ಕೇಳಿದ್ದು ನಮ್ಮವರನ್ನೇ. "ಸ್ವಲ್ಪ ಹೇಳ್ತೀರಾ? ರೈಲು ನಿಲ್ದಾಣ ಎಲ್ಲಿದೆ? ಒಂದು ಗಂಟೆಯಿಂದ ಸುತ್ತುತ್ತಾ ಇದ್ದೀವಿ."

ನಮ್ಮವರು ಹಾಸಿಗೆಯ ಕೆಳಗಿನಿಂದ ಒಮ್ಮೆ ಎಡಕ್ಕೆ ನೋಡಿದರು, ಒಮ್ಮೆ ಬಲಕ್ಕೆ ನೋಡಿದರು.

"ನಾನೂ ಇನ್ನೂ ನೋಡಿಲ್ಲ," ಎಂದರು. "ಬನ್ನಿ, ಒಟ್ಟಿಗೆ ಹುಡುಕೋಣ."

ಎಂದವರೇ ತಿರುಗಿದರು. ಹಾಸಿಗೆಯನ್ನು ಕೆಳಗಿಡಬೇಕೆಂದು ಹೊಳೆಯಲಿಲ್ಲ. ಅವರು ತಿರುಗಿದ್ದರಿಂದ ಬಡಗಿಯೂ ತಿರುಗಬೇಕಾಯಿತು, ಬಡಗಿ ತಿರುಗಿದನೆಂದು ಕುರ್ಚಿಯವರು ತಿರುಗಿದರು, ಬಕೆಟ್ಟಿನವರು ತಿರುಗಿದರು. "ಅಯ್ಯೋ, ಆ ಕಡೆ ಅಲ್ವೋ, ಈ ಕಡೆ! ಜನ ಪೆಟ್ಟಿಗೆ ಹಿಡಿದು ಓಡೋದು ಆ ದೊಡ್ಡ ರಸ್ತೇಲಿ!" ಎಂದು ಕೂಗುತ್ತ, ಸೂಟ್ಕೇಸು ಕಂಡೇ ವಿಷಯ ತಿಳಿದಿದ್ದ ಅತ್ತೆ ಸೀರೆಯ ನೆರಿಗೆ ಎತ್ತಿ ಹಿಡಿದು ಎಲ್ಲರನ್ನೂ ದಾಟಿ ಮುಂದಕ್ಕೆ ಓಡಿದರು.

ಹೀಗೆ ನಮ್ಮ ಹಾಸಿಗೆ ಮನೆ ಸೇರುವ ಮೊದಲು ರೈಲು ನಿಲ್ದಾಣ ನೋಡಿಕೊಂಡು ಬಂತು.